ವೇಲ್ಸಿನ ಕೋಟೆಯಲ್ಲಿ ಟಿಪ್ಪುವಿನ ಡೇರೆ

ಶ್ರೂಸ್‌ಬರಿಯ ಚೌಕದಲ್ಲಿ ಜಿಟಿಜಿಟಿ ಮಳೆ. ಕಂಚಿನ ರಾಬರ್ಟ್ ಕ್ಲೈವ್ ನೆನೆಯುತ್ತ ನಿಂತಿದ್ದ. ಅವನನ್ನು ಪಾರ್ಲಿಮೆಂಟಿಗೆ ಆರಿಸಿ ಕಳಿಸಿದ ಊರು ಇದೇ. ಪ್ಲಾಸಿ ಕದನದ ನಂತರ ಬಂಗಾಳದ ಖಜಾನೆಯಿಂದ ಅವನ ಪಾಲಿಗೆ ಬಂದದ್ದು 2,34,000 ಪೌಂಡು. 1770ರ ಕ್ಷಾಮದಲ್ಲಿ ಬಂಗಾಳದ ಜನ ಹುಳಗಳಂತೆ ಸತ್ತರು. ಮೂರು ವರ್ಷದ ಮೇಲೆ ಪಾರ್ಲಿಮೆಂಟು ಲೆಕ್ಕ ಕೇಳಿದಾಗ ಕ್ಲೈವ್, ಇಷ್ಟಕ್ಕೇ ಕೈ ಬಿಗಿಹಿಡಿದೆನಲ್ಲ ಎಂದು ತನ್ನ ಸಂಯಮಕ್ಕೆ ತಾನೇ ಬೆರಗಾದನಂತೆ. ದುರಾಸೆ ನನಗೆ ಅರ್ಥವಾಗುತ್ತದೆ. ಈ ಬೆರಗು ಅರ್ಥವಾಗುವುದಿಲ್ಲ, ನನ್ನನ್ನು ಹೆದರಿಸುವುದೂ ಅದೇ.

ರೈಲಿನಲ್ಲಿ ಅರ್ಧ ಗಂಟೆಯೊಳಗೆ ವೆಲ್ಷ್‌ಪೂಲ್. ಅಲ್ಲಿಂದ ಪೋವಿಸ್ ಕೋಟೆಗೆ ನಡೆದೇ ಹೋದೆ. ಏರಿನ ಮೇಲೆ ಕೆಂಪು ಕಲ್ಲಿನ ಕೋಟೆ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ. ಕ್ಲೈವನ ಮಗ ಎಡ್ವರ್ಡ್ ಈ ಮನೆತನದ ಹೆನ್ರಿಯೆಟಾಳನ್ನು 1784ರಲ್ಲಿ ಮದುವೆಯಾದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅವನು ಮದರಾಸಿನ ಗವರ್ನರ್.

ಮಬ್ಬು ಬೆಳಕಿನ ಕೋಣೆಯಲ್ಲಿ ಟಿಪ್ಪುವಿನ ಡೇರೆಯ ಬಟ್ಟೆ ಕಂಡಿತು. ನಾನು ಕತ್ತಿ, ಕೋವಿ ನೋಡಲು ಮನಸ್ಸನ್ನು ಗಟ್ಟಿಮಾಡಿಕೊಂಡು ಹೋಗಿದ್ದೆ. ಇದಕ್ಕೆ ಸಿದ್ಧನಿರಲಿಲ್ಲ. ಚೀಟಿ ಬಟ್ಟೆ, ಬಿಳಿಯ ನೆಲದ ಮೇಲೆ ಹೂದಾನಿ, ಅದರಿಂದ ಉಕ್ಕುವ ಕೆಂಪು ಹೂಗಳು. ನಮ್ಮಜ್ಜಿಯ ಕೌದಿಯಲ್ಲಿ ಇಂಥ ಹೂವಿನ ತುಂಡುಗಳಿದ್ದವು. ಬಣ್ಣ ಇನ್ನೂ ಮಾಸಿಲ್ಲ. ಪಕ್ಕದ ಗಾಜಿನೊಳಗೆ ಅವನ ಸಿಂಹಾಸನದ್ದೊಂದು ಚಿನ್ನದ ಹುಲಿಮುಖ, ಮಾಣಿಕ್ಯ ವಜ್ರ ಕೂರಿಸಿದ್ದು. ಸಿಂಹಾಸನವನ್ನು ಒಡೆದು ಪಾಲು ಹಾಕಿದ್ದರು.

ಹೆನ್ರಿಯೆಟಾ 1800ರಲ್ಲಿ ಇಬ್ಬರು ಹೆಣ್ಣುಮಕ್ಕಳೊಂದಿಗೆ ಮದರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣ ಸುತ್ತಿದಳು. ಗಿಡ, ಕಲ್ಲು ಕೂಡಿಸಿದಳು, ಪರ್ಷಿಯನ್ ಕಲಿಯಲು ಹೆಣಗಿದಳು. ಅವಳನ್ನು ದ್ವೇಷಿಸಲು ನನಗೆ ಆಗಲಿಲ್ಲ; ನಮ್ಮ ನೆಲವನ್ನು ಅವಳು ಕಣ್ತುಂಬ ನೋಡಿದ್ದು ನಿಜ. ಆದರೆ ಗಂಡನ ಸರ್ಕಾರದ ಸೈನ್ಯ ಹಿಂದಿನ ವರ್ಷ ತುಳಿದ ದಾರಿಯಲ್ಲೇ ಅವಳ ಸವಾರಿ ಸಾಗಿತ್ತು. ಆ ಕುತೂಹಲಕ್ಕೂ ಮಾವನ ಬೆರಗಿಗೂ ಬೇರು ಒಂದೇ ಎನಿಸಿತು: ಕಂಡದ್ದೆಲ್ಲ ತಮ್ಮ ಕೈಗೆಟಕಲೆಂದೇ ಇದೆ ಎಂಬ ಸಹಜ ನಂಬಿಕೆ. ಜೊತೆಗಿದ್ದ ಇಟಲಿಯ ಚಿತ್ರಕಾರ್ತಿ ಆನಾ ಟೊನೆಲ್ಲಿ ಟಿಪ್ಪುವನ್ನು ಸಿಂಹಾಸನದ ಮೇಲೆ ಕೂರಿಸಿ ಚಿತ್ರ ಬರೆದಳು. ಅಷ್ಟು ಹೊತ್ತಿಗೆ ಅವನೂ ಇರಲಿಲ್ಲ, ಸಿಂಹಾಸನವೂ ಇರಲಿಲ್ಲ. ಪಯಣದಲ್ಲಿದ್ದ ಕಿರಿಯ ಮಗಳು ಷಾರ್ಲೆಟ್ ಮುಂದೆ ಎಳೆಯ ವಿಕ್ಟೋರಿಯಾಳ ಗವರ್ನೆಸ್ ಆದಳು. ಮೈಸೂರು ಸೀಮೆಯನ್ನು ಗೆದ್ದವರ ಮಗುವಾಗಿ ಸುತ್ತಿದವಳು, ಭಾರತದ ಚಕ್ರವರ್ತಿನಿಯಾಗಲಿದ್ದ ಹುಡುಗಿಗೆ ಏನೇನು ಹೇಳಿಕೊಟ್ಟಳೋ!

ಹಿಂದೆ ಗಾರ್ಡನ್ ಪಾರ್ಟಿಗಳಿಗೆ ಈ ಡೇರೆಯನ್ನೇ ತೋಟದಲ್ಲಿ ಎತ್ತುತ್ತಿದ್ದರಂತೆ. ಅದನ್ನು ಕೇಳಿದ ಮೇಲೆ ಒಳಗೆ ನಿಲ್ಲಲಾಗಲಿಲ್ಲ. ಹೊರಗೆ ಬಂದು, ಒದ್ದೆ ಹುಲ್ಲಿನ ಮೇಲೆ ಗೂಟಗಳನ್ನು ಎಲ್ಲಿ ಹೊಡೆದಿರಬಹುದೆಂದು ಬಹಳ ಹೊತ್ತು ನೋಡುತ್ತ ನಿಂತೆ.