ನಿಜ ನುಡಿದವರ ಕೆಲಸ ಹೋಯಿತು

ಸಿಯಾಟಲ್ ನಗರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಹಳೆಯ ಪ್ರಕರಣವೊಂದನ್ನು ಪ್ರಸ್ತಾಪಿಸಿ, "ಸರ್, ಇದರ ಬಗ್ಗೆ ಬರೆಯಿರಿ" ಎಂದಳು. (ಇದು ಅಮೆರಿಕದ ರಾಜಧಾನಿಯಲ್ಲ, ಪಶ್ಚಿಮ ತೀರದ ರಾಜ್ಯ.)

1948ರ ಜುಲೈ ತಿಂಗಳಲ್ಲಿ ಶಾಸಕ ಆಲ್ಬರ್ಟ್ ಕ್ಯಾನ್ವೆಲ್ ನೇತೃತ್ವದ ಸಮಿತಿಯು ಆ ವಿಶ್ವವಿದ್ಯಾನಿಲಯದಲ್ಲಿ ಕಮ್ಯುನಿಸ್ಟರನ್ನು ಹುಡುಕಲು ವಿಚಾರಣೆ ನಡೆಸಿತು. ಆಪಾದಿತರ ಕಡೆಯವರು ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸುವಂತಿರಲಿಲ್ಲ. ತತ್ತ್ವಶಾಸ್ತ್ರದ ಮೆಲ್ವಿನ್ ರೇಡರ್ ಅವರು 1938ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಗುಪ್ತ ಪಕ್ಷಶಾಲೆಗೆ ಹೋಗಿದ್ದರೆಂದು ಜಾರ್ಜ್ ಹ್ಯೂಯಿಟ್ ಎಂಬಾತ ಸಾಕ್ಷಿ ನುಡಿದ. ರೇಡರ್ ಆ ದಿನಗಳನ್ನು ತಮ್ಮ ರಾಜ್ಯದ್ದೇ ಒಂದು ವಸತಿಗೃಹದಲ್ಲಿ ಕಳೆದಿದ್ದರು. ಅಲ್ಲಿನ ನೋಂದಣಿ ಪುಸ್ತಕವನ್ನು ಸಮಿತಿಯ ತನಿಖೆದಾರರೇ ಒಯ್ದಿದ್ದರು! ಎಡ್ ಗತ್‌ಮನ್ ಎಂಬ ಪತ್ರಕರ್ತರು ತಿಂಗಳುಗಟ್ಟಲೆ ಅಲೆದು ದಾಖಲೆ ಕಲೆಹಾಕಿ, 1949ರಲ್ಲಿ ಅವರು ನಿರಪರಾಧಿಯೆಂದು ತೋರಿಸಿದರು. 1950ರ ಪುಲಿಟ್ಜರ್ ಪ್ರಶಸ್ತಿ ಅವರಿಗೆ ಸಂದಿತು. ರೇಡರ್ ಅವರ ಹುದ್ದೆ ಉಳಿಯಿತು.

ಉಳಿಯದವರ ಕಥೆ ಬೇರೆ. ಆರು ಮಂದಿ ಅಧ್ಯಾಪಕರ ಮೇಲಿನ ಆರೋಪಗಳನ್ನು ಹನ್ನೊಂದು ಸಹೋದ್ಯೋಗಿಗಳ ಸಮಿತಿಯು ಆಲಿಸಿತು. ತತ್ತ್ವಶಾಸ್ತ್ರದ ಹರ್ಬರ್ಟ್ ಫಿಲಿಪ್ಸ್ ಹಾಗೂ ಇಂಗ್ಲಿಷಿನ ಜೋಸೆಫ್ ಬಟರ್‌ವರ್ತ್ ತಾವು ಪಕ್ಷದ ಸದಸ್ಯರೆಂದು ಒಪ್ಪಿಕೊಂಡರು. ಅವರು ಪಾಠದಲ್ಲಿ ಪ್ರಚಾರ ಮಾಡಿದರೆಂಬುದು ಸಾಬೀತಾಗಲಿಲ್ಲ. ಇವರಿಬ್ಬರನ್ನು ವಜಾ ಮಾಡಬೇಕಾಗಿಲ್ಲವೆಂದು ಸಮಿತಿಯ ಬಹುಮತ ಹೇಳಿತು. ಆದರೆ ಅಧ್ಯಕ್ಷ ರೇಮಂಡ್ ಆಲನ್ ಅವರ ವಾದವೇ ಬೇರೆ: ಪಕ್ಷಕ್ಕೆ ಬದ್ಧನಾದವನು ಸತ್ಯವನ್ನು ಸ್ವತಂತ್ರವಾಗಿ ಅರಸಲಾರ, ಆದ್ದರಿಂದ ಅಧ್ಯಾಪಕನಾಗಲು ಅನರ್ಹ. ಸ್ವತಂತ್ರ ಚಿಂತನೆಯನ್ನು ಕಾಪಾಡುವುದಕ್ಕಾಗಿ ಚಿಂತಿಸುವವನನ್ನೇ ಹೊರಹಾಕುವ ಈ ತರ್ಕ ನನಗಂತೂ ಅರ್ಥವಾಗಿಲ್ಲ.

1949ರ ಜನವರಿಯಲ್ಲಿ ಆಡಳಿತ ಮಂಡಳಿಯು ಇವರಿಬ್ಬರನ್ನೂ ಮನಶ್ಶಾಸ್ತ್ರದ ರಾಲ್ಫ್ ಗುಂಡ್ಲಾಕ್ ಅವರನ್ನೂ ವಜಾ ಮಾಡಿತು. ಗುಂಡ್ಲಾಕ್ ಸದಸ್ಯತ್ವವನ್ನು ನಿರಾಕರಿಸಿದ್ದರು. ಅವರ ವಿಷಯದಲ್ಲಿ ಸಹೋದ್ಯೋಗಿಗಳ ಬಹುಮತವೂ ವಜಾದ ಪರವಾಗಿತ್ತು. ಹಿಂದೆ ಸದಸ್ಯರಾಗಿದ್ದ ಉಳಿದ ಮೂವರಿಗೆ ಎರಡು ವರ್ಷಗಳ ಪ್ರೊಬೇಷನ್, ಜೊತೆಗೆ ಈಗ ಸದಸ್ಯರಲ್ಲವೆಂಬ ಪ್ರಮಾಣಪತ್ರ.

"ನಿಜ ಹೇಳಿದರೆ ಹೊಡೆಯುವುದಿಲ್ಲ" ಎಂದು ನಾವು ಮೇಷ್ಟ್ರುಗಳು ಮಕ್ಕಳಿಗೆ ಮಾತು ಕೊಡುತ್ತೇವೆ. ನಾನು ಆ ಮಾತನ್ನು ಉಳಿಸಿಕೊಂಡೆನೆಂದು ನಿಮ್ಮಲ್ಲಿ ಕೆಲವರಾದರೂ ಸಾಕ್ಷಿ ಹೇಳಿಯಾರು. ಫಿಲಿಪ್ಸ್, ಬಟರ್‌ವರ್ತ್ ನಿಜ ಹೇಳಿಯೇ ಏಟು ತಿಂದರು. ಅವರಿಗೆ ಇನ್ನಾವ ವಿಶ್ವವಿದ್ಯಾನಿಲಯದಲ್ಲೂ ಖಾಯಂ ಹುದ್ದೆ ದೊರೆಯಲಿಲ್ಲ. ಹಳೆಯ ಇಂಗ್ಲಿಷ್ ಸಾಹಿತ್ಯದ ವಿದ್ವಾಂಸರಾದ ಬಟರ್‌ವರ್ತ್ ಸರ್ಕಾರದ ಸಹಾಯಧನದಿಂದ ಬದುಕಬೇಕಾಯಿತು. ಅತ್ತ ಆಲನ್ ಅವರು ಮುಂದೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಕುಲಪತಿಗಳಾದರು.

ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಪರವಾಗಿ ಅದರ ಅಧ್ಯಕ್ಷ ವಿಲಿಯಂ ಗರ್ಬರ್ಡಿಂಗ್ 1994ರಲ್ಲಿ ಬಹಿರಂಗವಾಗಿ ಕ್ಷಮೆ ಕೋರಿದರು. ಅದನ್ನು ಕೇಳಿಸಿಕೊಳ್ಳಲು ವಜಾಗೊಂಡ ಮೂವರಲ್ಲಿ ಒಬ್ಬರೂ ಆಗ ಬದುಕಿರಲಿಲ್ಲ.