ನೆಲ ಹೆಪ್ಪುಗಟ್ಟುವ ತನಕ



ಮೈನಸ್ 30 ಡಿಗ್ರಿ ಚಳಿಯಲ್ಲಿ ಯಾವ ಕೆಲಸವೂ ನಡೆಯಲಾರದು ಎಂದು ನಾವು ಎಣಿಸುತ್ತೇವೆ. ಆದರೆ ಕೆನಡಾದ ಆಲ್ಬರ್ಟಾದಲ್ಲಿ ತೈಲಬಾವಿ ಕೊರೆಯುವವರಿಗೆ ಅದೇ ಸುಗ್ಗಿಕಾಲ. ಜನವರಿ, ಫೆಬ್ರವರಿಯಲ್ಲಿ ರಿಗ್‌ಗಳು ಹಗಲೂ ರಾತ್ರಿ ಓಡುತ್ತವೆ. ಏಪ್ರಿಲ್ ಹೊತ್ತಿಗೆ ಹೆಚ್ಚಿನವು ಸುಮ್ಮನೆ ನಿಂತಿರುತ್ತವೆ.

ಕಾರಣ ಇರುವುದು ನೆಲದಲ್ಲಿ. ಅಲ್ಲಿನ ಉತ್ತರದ ಕಾಡುಗಳಲ್ಲಿ ಬಹಳಷ್ಟು ಕಡೆ 'ಮಸ್ಕೆಗ್' ಎಂಬ ಜೌಗು ನೆಲ. ಬೇಸಿಗೆಯಲ್ಲಿ ಕಾಲಿಟ್ಟರೆ ಹೂತುಹೋಗುತ್ತದೆ, ಇನ್ನು ರಿಗ್ ಹೊತ್ತ ಲಾರಿಗಳ ಮಾತೆಲ್ಲಿ? ಚಳಿಗೆ ಹೆಪ್ಪುಗಟ್ಟಿದರೆ ಅದೇ ನೆಲ ಕಲ್ಲಿನಂತೆ ಭಾರ ಹೊರುತ್ತದೆ. ಮಾರ್ಚ್ ನಡುವಿನಿಂದ ಹಿಮ ಕರಗಲು ತೊಡಗಿದರೆ 'ಸ್ಪ್ರಿಂಗ್ ಬ್ರೇಕಪ್'. ರಸ್ತೆಗಳು ಮೆತ್ತಗಾಗುವುದರಿಂದ ಭಾರದ ವಾಹನಗಳಿಗೆ ನಿರ್ಬಂಧ ಬರುತ್ತದೆ. ರಿಗ್ ಕೆಲಸಗಾರರು ಮನೆಗೆ ಮರಳುತ್ತಾರೆ. ಅನೇಕರಿಗೆ ಆ ವಾರಗಳಲ್ಲಿ ಸಂಬಳವೂ ಇಲ್ಲ.

ಅಲಾಸ್ಕಾದ ಉತ್ತರ ತೀರದಲ್ಲಿ ನಿಯಮ ಇನ್ನೂ ಬಿಗಿ. ಅಲ್ಲಿನ ಟಂಡ್ರಾ ಹುಲ್ಲುನೆಲದ ಮೇಲೆ ಬೇಸಿಗೆಯಲ್ಲಿ ಒಂದು ಲಾರಿ ಹೋದರೆ ಅದರ ಗುರುತು ಹತ್ತಾರು ವರ್ಷ ಅಳಿಯುವುದಿಲ್ಲ. ಆದ್ದರಿಂದ ಮಣ್ಣು ಸಾಕಷ್ಟು ಗಟ್ಟಿಯಾಗಿ, ಮೇಲೆ ಸಾಕಷ್ಟು ಹಿಮ ಬಿದ್ದಿದೆಯೇ ಎಂದು ಅಳೆದು ನೋಡಿದ ಮೇಲೆಯೇ ಸರಕಾರ ಅನುಮತಿ ಕೊಡುತ್ತದೆ. ಆಮೇಲೆ ನೀರು ಸುರಿದು ಮಂಜುಗಡ್ಡೆಯ ರಸ್ತೆ ಕಟ್ಟಿ, ಹೊಸ ತೈಲ ಹುಡುಕುವ ಬಾವಿಗಳನ್ನು ಕೊರೆಯುತ್ತಾರೆ. ವಸಂತ ಬಂದಾಗ ರಸ್ತೆ ಕರಗಿ ಹೋಗುತ್ತದೆ.

1970ರ ಸುಮಾರಿಗೆ ಹೀಗೆ ಟಂಡ್ರಾದ ಮೇಲೆ ಓಡಾಡಲು ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಸಿಗುತ್ತಿದ್ದವು. 2000ದ ದಶಕದ ಆರಂಭಕ್ಕೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಭೂಮಿ ಬಿಸಿಯಾಗುತ್ತಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಭೂಮಿಯನ್ನು ಬಿಸಿ ಮಾಡುತ್ತಿರುವುದರಲ್ಲಿ ನಾವು ಸುಡುವ ತೈಲದ ಪಾಲು ದೊಡ್ಡದು. 1977ರಲ್ಲಿ ಶುರುವಾದ ಅಲಾಸ್ಕಾದ ದೊಡ್ಡ ಕೊಳವೆಮಾರ್ಗದ ಕಂಬಗಳಿಗೆ, ಕೆಳಗಿನ ನೆಲ ಕರಗದಂತೆ ಶಾಖವನ್ನು ಹೊರಗೆ ಬಿಡುವ 1 ಲಕ್ಷ 20 ಸಾವಿರಕ್ಕೂ ಹೆಚ್ಚು ನಳಿಗೆಗಳನ್ನು ಕೂರಿಸಿದ್ದಾರೆ. ತೈಲ ಸಾಗಿಸಲು ನೆಲ ತಣ್ಣಗಿರಬೇಕು, ಆದರೆ ಆ ತೈಲ ಉರಿದಷ್ಟೂ ನೆಲ ಬಿಸಿಯಾಗುತ್ತದೆ.

ಇದನ್ನು ದೂರದ ಊರಿನವರ ತಪ್ಪು ಎಂದು ಬರೆದು ಮುಗಿಸಲು ನಮಗೆ ಮನಸ್ಸಿಲ್ಲ. ನಮ್ಮ ಕಾಸರಗೋಡಿನ ಕಡೆಯ ಎಷ್ಟೋ ಮಕ್ಕಳ ಕಾಲೇಜು ಫೀಸು ಗಲ್ಫ್‌ನಲ್ಲಿ ದುಡಿದ ಅಪ್ಪ, ಮಾವಂದಿರ ಬೆವರಿನಿಂದ ಬಂದದ್ದು. ತೈಲದ ನಾಡು ನಮಗೆ ಅನ್ನ ಕೊಟ್ಟಿದೆ. ಆ ಋಣವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಋಣ ಇದೆ ಎಂದು ಕಣ್ಣು ಮುಚ್ಚಿಕೊಳ್ಳುವುದೂ ಸರಿಯಲ್ಲ. 2015ರಲ್ಲಿ ಪೋಪ್ ಫ್ರಾನ್ಸಿಸ್‌ರವರು 'ಲೌದಾತೊ ಸೀ' ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆ ಎಂದು ಕರೆದು, ಇಂಥ ಇಂಧನಗಳಿಂದ ತಡಮಾಡದೆ ಹಂತ ಹಂತವಾಗಿ ಹೊರಬರಬೇಕೆಂದರು.

ದೇವರು ಕೊಟ್ಟ ನೆಲಕ್ಕೆ ತನ್ನದೇ ಕಾಲವಿದೆ. ಆ ರಿಗ್ ಕೆಲಸಗಾರರು ಪ್ರತಿ ವಸಂತದಲ್ಲೂ ಅದಕ್ಕೆ ಮಣಿಯುತ್ತಾರೆ, ಬೇರೆ ದಾರಿಯಿಲ್ಲ. ನಮ್ಮನ್ನು ತಡೆಯಲು ಮಾತ್ರ ಯಾವ ಕೆಸರೂ ಇಲ್ಲ, ಬೇಕೆಂದಾಗ ಬೈಕ್ ಸ್ಟಾರ್ಟ್ ಮಾಡುತ್ತೇವೆ. ಹಾಗಾಗಿ ಮಿತಿಯನ್ನು ನಾವೇ ಹಾಕಿಕೊಳ್ಳಬೇಕು. ಮುಂದಿನ ಯುವ ಸಮಾವೇಶಕ್ಕೆ ಹತ್ತಿಪ್ಪತ್ತು ಬೈಕ್‌ಗಳ ಬದಲು ಒಂದೇ ಬಸ್ಸಿನಲ್ಲಿ ಹೋಗೋಣವೇ? ಭಾನುವಾರ ಪೂಜೆಯ ನಂತರ ಈ ಬಗ್ಗೆ ಮಾತನಾಡೋಣ. ತಂದೆತಾಯಂದಿರೂ ಬನ್ನಿ.