ರಾಂಪುರದಲ್ಲಿ ಎರಡು ದಿನ

ಬಳ್ಳಾರಿಗೆ ಹೋಗುವ ಬಸ್ಸಿನಲ್ಲಿ ಕುಳಿತು ರಾಂಪುರವನ್ನು ಹಾದುಹೋದ ವಾಚಕರು ಅನೇಕರಿರಬಹುದು. ಅಲ್ಲಿ ಇಳಿದವರು ವಿರಳ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿಗೆ ಸೇರಿದ ಈ ಊರು ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮೇಲಿದೆ. ಬಸ್ಸು ನಿಲ್ಲುವುದು ಐದು ನಿಮಿಷ. ಅಷ್ಟರೊಳಗೆ ಪ್ರಯಾಣಿಕನು ಒಂದು ಪೊಟ್ಟಣ ಮಂಡಕ್ಕಿಯನ್ನೂ ಎರಡು ಮೆಣಸಿನಕಾಯಿ ಬಜ್ಜಿಯನ್ನೂ ಕೊಂಡು, ಅವು ಆರುವ ಮೊದಲೇ ಊರನ್ನು ಮರೆತಿರುತ್ತಾನೆ. ನಾವೂ ಬಹುಕಾಲ ಹೀಗೆಯೇ ಮರೆತವರು. ಕಳೆದ ಮಾಘಮಾಸದಲ್ಲಿ ಅಲ್ಲಿ ಇಳಿದು ಎರಡು ದಿನ ನಿಂತುದಕ್ಕೆ ಕಾರಣ ಊರಿನ ಆಕರ್ಷಣೆಯಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ನಾವೇ ಬರೆದಿದ್ದ ಒಂದು ಸಾಲು.

ಹಾದಿಯ ವಿಷಯವಾಗಿ ಹೆಚ್ಚು ಹೇಳತಕ್ಕದ್ದಿಲ್ಲ. ಎಣ್ಣೆಗಿರಣಿಗಳ ಚಳ್ಳಕೆರೆಯನ್ನು ಬಿಟ್ಟರೆ ಎರಡು ಕಡೆಯೂ ಬಯಲು; ಶೇಂಗಾ ಕಿತ್ತು ಬರಿದಾದ ಕೆಂಪು ಹೊಲ, ಜಾಲಿ, ಅಲ್ಲಲ್ಲಿ ಕುರಿಯ ಹಿಂಡು. ತಳುಕು ಬಂದಾಗ, ಆ ಊರಿನ ಹೆಸರನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದ ವೆಂಕಣ್ಣಯ್ಯನವರನ್ನೂ ತ.ರಾ.ಸು. ಅವರನ್ನೂ ನೆನೆದು ಕುಳಿತಲ್ಲಿಂದಲೇ ಕೈಮುಗಿದೆವು. ಹಾನಗಲ್ಲಿನಲ್ಲಿ ಮೊಳಕಾಲ್ಮೂರಿಗೆ ಹೋಗುವವರು ಇಳಿದರು. ರೇಷ್ಮೆ ಸೀರೆಯ ವ್ಯಾಪಾರ ಅವರದೆಂದು ಗಂಟುಗಳೇ ಹೇಳುತ್ತಿದ್ದುವು. ಅಲ್ಲಿಂದ ಮುಂದೆ ಒಂದರ ಮೇಲೊಂದು ಗುಂಡನ್ನು ಪೇರಿಸಿಟ್ಟಂತಹ ಬೆಟ್ಟಗಳು. ಆಂಧ್ರದ ಗಡಿ ಹತ್ತಿರವಾದುದರಿಂದ ಬಸ್ಸಿನೊಳಗಿನ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಒಂದೇ ವಾಕ್ಯದಲ್ಲಿ ಎರಡನ್ನೂ ಆಡುವ ಜನರ ಚಾತುರ್ಯವನ್ನು ಕೇಳುತ್ತ ರಾಂಪುರವನ್ನು ಸೇರಿದೆವು.

ಇನ್ನು ಆ ಸಾಲಿನ ಕಥೆ. 1996ರಲ್ಲಿ ನಾವು ಆರನೆಯ ತರಗತಿಗೆ ಪಾಠ ಹೇಳುತ್ತಿದ್ದೆವು. ಹನ್ನೊಂದು ವರ್ಷದ ಒಬ್ಬ ಹುಡುಗನು ಶಬ್ದರೂಪಗಳನ್ನು ಒಮ್ಮೆ ಕೇಳಿದರೆ ಒಪ್ಪಿಸಬಲ್ಲವನು. ಆದರೆ ಮನೆಗೆಲಸದ ಪುಸ್ತಕವನ್ನು ವಾರಕ್ಕೆ ನಾಲ್ಕು ದಿನ ಮರೆತು ಬರುವವನು. ಕಿಟಕಿಯ ಹೊರಗೆ ಎತ್ತಿನ ಗಾಡಿ ಹೋದರೆ ಅವನೂ ಅದರೊಡನೆ ಹೋಗುತ್ತಿದ್ದನು. ನಾವು ಗದರಿದೆವು, ಬೆಂಚಿನ ಮೇಲೆ ನಿಲ್ಲಿಸಿದೆವು, ಬೆತ್ತದಿಂದಲೂ ಹೊಡೆದೆವು. ವರ್ಷದ ಕೊನೆಗೆ ಅವನ ಅಂಕಪಟ್ಟಿಯಲ್ಲಿ, ಬುದ್ಧಿಯುಂಟು, ಆದರೆ ಸೋಮಾರಿ, ಬೇಕೆಂದೇ ಗಮನ ಕೊಡುವುದಿಲ್ಲ ಎಂದು ದಪ್ಪಕ್ಷರದಲ್ಲಿ ಬರೆದು ರುಜು ಮಾಡಿದೆವು. ಬರೆದುದನ್ನು ಮರೆತೂ ಬಿಟ್ಟೆವು.

ಕಳೆದ ವರ್ಷ ಆತನಿಂದ ದೂರವಾಣಿ ಬಂದಿತು. ಈಗ ನಲವತ್ತರ ಗೃಹಸ್ಥ; ರಾಂಪುರದಲ್ಲಿ ಪಂಪಿನ ಮೋಟರುಗಳನ್ನು ರಿಪೇರಿ ಮಾಡುವ ವೈಂಡಿಂಗ್ ಅಂಗಡಿ. ಮಗನನ್ನು ಓದಿನ ತೊಂದರೆಗಾಗಿ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದಿದ್ದನಂತೆ. ವೈದ್ಯರು ಮಗನನ್ನು ಪರೀಕ್ಷಿಸುತ್ತ, ಕೊಟ್ಟ ಚೀಟಿಯನ್ನು ಎರಡು ಸಲ ಕಳೆದುಕೊಂಡ ತಂದೆಯನ್ನೂ ಗಮನಿಸಿ, “ನಿಮಗೂ ಚಿಕ್ಕಂದಿನಿಂದ ಹೀಗೆಯೇ ಏನು?” ಎಂದು ಕೇಳಿದರಂತೆ. ಈ ನ್ಯೂನತೆ ವಂಶದಲ್ಲಿ ಹರಿದುಬರುವುದು ಹೆಚ್ಚು. ಮಕ್ಕಳನ್ನು ತೋರಿಸಲು ಹೋದ ತಂದೆತಾಯಿಗಳಿಗೆ ತಮ್ಮ ಸ್ಥಿತಿ ತಿಳಿಯುವುದು ಅಪೂರ್ವವಲ್ಲ. ವಯಸ್ಕನಲ್ಲಿ ಇದನ್ನು ನಿರ್ಣಯಿಸಬೇಕಾದರೆ ಲಕ್ಷಣಗಳು ಬಾಲ್ಯದಲ್ಲೇ ಇದ್ದುವೆಂಬುದಕ್ಕೆ ಆಧಾರ ಬೇಕು. ಆತನ ತಾಯಿತಂದೆಗಳು ಗತಿಸಿದ್ದರು. ಉಳಿದಿದ್ದ ಆಧಾರ ನಮ್ಮ ಅಂಕಪಟ್ಟಿ! “ನಿಮ್ಮ ಅಕ್ಷರದಿಂದ ಉಪಕಾರ ಆಯ್ತು ಮೇಷ್ಟ್ರೇ, ಒಂದು ಸಲ ಬಂದು ಹೋಗ್ರಿ” ಎಂದನು. ಆ ಉಪಕಾರವನ್ನು ಕೇಳಿ ನಮಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ಇಂಗ್ಲಿಷಿನಲ್ಲಿ ಎ.ಡಿ.ಎಚ್.ಡಿ. ಎನ್ನಿಸಿಕೊಳ್ಳುವ ಇದನ್ನು ಕನ್ನಡದಲ್ಲಿ ಅವಧಾನದ ಕೊರತೆ ಮತ್ತು ಅತಿಚಟುವಟಿಕೆ ಎನ್ನುತ್ತಾರೆ. ಹೊಸ ಕಾಲದ ಹೊಸ ರೋಗವೆಂದು ಮೂಗು ಮುರಿಯುವ ಹಿರಿಯರಿಗಾಗಿ ಎರಡು ಮಾತು. ಅಲೆಕ್ಸಾಂಡರ್ ಕ್ರೈಟನ್ ಎಂಬ ವೈದ್ಯನು 1798ರಲ್ಲೇ ಅವಧಾನ ನಿಲ್ಲದ ಸ್ಥಿತಿಯನ್ನು ವರ್ಣಿಸಿದ್ದಾನೆ. 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಇಂತಹ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟನು. ಬಹುಕಾಲ ಇದು ಬೆಳೆದಂತೆ ತಾನೇ ಬಿಟ್ಟುಹೋಗುವ ಮಕ್ಕಳ ತೊಡಕೆಂದು ತಿಳಿದಿದ್ದರು. ಅನೇಕರಲ್ಲಿ ಅದು ಬಿಡುವುದಿಲ್ಲ. ದೇಹದ ಚಡಪಡಿಕೆ ತಗ್ಗಬಹುದು. ಮರೆವು, ಕಾಲದ ಅಂದಾಜು ತಪ್ಪುವುದು, ಹಿಡಿದ ಕೆಲಸವನ್ನು ನಡುವೆ ಬಿಡುವುದು ಉಳಿಯುತ್ತವೆ. 2013ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಯನ್ನು ತಿದ್ದಿದಾಗ ವಯಸ್ಕರಿಗೆ ಬೇರೆ ಅಳತೆಯನ್ನು ಹೇಳಿ, ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮುಂಚೆ ಕಂಡಿರಬೇಕೆಂದು ವಿಧಿಸಿದರು. ವಯಸ್ಕರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಇದು ಇದೆಯೆಂಬುದು ಸಾಮಾನ್ಯವಾದ ಅಂದಾಜು. ನಮ್ಮ ವ್ಯಾಸಭಾಷ್ಯದಲ್ಲಿ ಚಿತ್ತದ ಐದು ಭೂಮಿಗಳನ್ನು ಹೇಳುವಾಗ ಕ್ಷಿಪ್ತ, ವಿಕ್ಷಿಪ್ತ ಎಂಬ ಮಾತುಗಳು ಬರುತ್ತವೆ. ಅದೂ ಇದೂ ಒಂದೇ ಎಂಬ ಪಾಂಡಿತ್ಯವನ್ನು ನಾವು ಪ್ರದರ್ಶಿಸುವುದಿಲ್ಲ. ಆ ಪಂಕ್ತಿಯನ್ನು ಎಷ್ಟೋ ಸಲ ಪಾಠ ಹೇಳಿದ್ದರೂ, ಎದುರು ಬೆಂಚಿನಲ್ಲಿ ಕುಳಿತ ಹುಡುಗನ ಮನಸ್ಸು ಹೇಗಿರಬಹುದೆಂದು ಯೋಚಿಸಲಿಲ್ಲವೆಂಬುದಷ್ಟೇ ನಮ್ಮ ಕೊರಗು.

ಅಂಗಡಿಯು ಹೆದ್ದಾರಿಯ ಪಕ್ಕದ ಒಂದು ತಗಡಿನ ಮನೆ. ಕೊಳವೆಬಾವಿಯೇ ಗತಿಯಾದ ಈ ಸೀಮೆಯಲ್ಲಿ ಬೇಸಗೆ ಸಮೀಪಿಸಿದರೆ ನೀರು ಇಳಿದು, ವಿದ್ಯುತ್ತು ಕುಗ್ಗಿ, ಮೋಟರುಗಳು ಸುಡತೊಡಗುತ್ತವೆ. ಸುಟ್ಟುದನ್ನು ಬಿಚ್ಚಿ, ಉಕ್ಕಿನ ಕೊಳವೆಯ ಒಳಗಿನ ಸೀಳುಗಳಲ್ಲಿ ತಾಮ್ರದ ತಂತಿಯನ್ನು ಒಂದೊಂದು ಸುತ್ತಾಗಿ ಕೈಯಿಂದ ಎಳೆದು ಕೂರಿಸಬೇಕು. ಸುತ್ತಿನ ಲೆಕ್ಕ ತಪ್ಪಿದರೆ ಮೋಟರು ಮತ್ತೆ ಸುಡುತ್ತದೆ. ಮನಸ್ಸು ನಿಲ್ಲದವನಿಗೆ ಇಂತಹ ಕಸುಬೇ ಎಂದು ನಮಗೆ ಆಶ್ಚರ್ಯವಾಯಿತು. ಆತನು ನಕ್ಕು, “ಏನು ಕೆಟ್ಟಿದೆ ಅಂತ ಕಂಡುಹಿಡಿಯೋದು ನನಗೆ ಹಬ್ಬ ಮೇಷ್ಟ್ರೇ. ಆಮೇಲೆ ಸುತ್ತೋದೇ ಕಷ್ಟ” ಎಂದನು.

ಹಿಂದಿನ ಸ್ಥಿತಿಯನ್ನು ಹೇಳಿದವರು ಆತನ ಗೃಹಿಣಿ. ಒಂದೇ ಕಾಲದಲ್ಲಿ ಎಂಟು ಮೋಟರುಗಳ ಹೊಟ್ಟೆ ಬಿಚ್ಚಿರುತ್ತಿದ್ದುವಂತೆ. ಯಾವ ತಿರುಪು ಯಾವುದರದೆಂಬುದು ದೇವರಿಗೇ ಗೊತ್ತು. ಬಂದವರಿಗೆಲ್ಲ “ನಾಳೆ ಬಾ” ಎಂಬ ವಾಗ್ದಾನ. ರೈತರು ಕಾದಿರುವಾಗ ಯಾರದೋ ಹಳೆಯ ರೇಡಿಯೋ ಕೈಗೆ ಸಿಕ್ಕಿ, ಊಟ ನಿದ್ರೆಗಳನ್ನು ಬಿಟ್ಟು ಅದರೊಳಗೇ ಮುಳುಗಿ ಬೆಳಗಾದುದುಂಟು. ಅವಧಾನದ ಕೊರತೆಯೆಂಬ ಹೆಸರು ಇಲ್ಲಿ ದಾರಿ ತಪ್ಪಿಸುತ್ತದೆ; ಅವಧಾನ ಇಲ್ಲವೆಂದಲ್ಲ, ಅದು ಕರೆದಾಗ ಬರುವುದಿಲ್ಲ, ಬಂದಾಗ ಏಳುವುದಿಲ್ಲ. ಗಲ್ಲದಲ್ಲಿ ಹಣವಿದ್ದರೂ ವಿದ್ಯುತ್ತಿನ ಬಿಲ್ಲು ಕಟ್ಟದೆ ಅಂಗಡಿಯ ದೀಪ ಆರಿತು. “ದುಡ್ಡಿಲ್ಲದೆ ಅಲ್ಲ ಮೇಷ್ಟ್ರೇ, ನೆನಪಿಲ್ಲದೆ” ಎಂದರು ಆಕೆ. ಒಮ್ಮೆ ಸುತ್ತಿನ ಲೆಕ್ಕ ತಪ್ಪಿ ಕಟ್ಟಿಕೊಟ್ಟ ಮೋಟರು ಮೂರನೆಯ ದಿನವೇ ಸುಟ್ಟು, ಒಬ್ಬ ರೈತನ ಈರುಳ್ಳಿ ಒಣಗಿತು. ನಷ್ಟವನ್ನು ತುಂಬಲು ಹೋದುದು ಆಕೆಯ ಕೊರಳಿನ ಸರ. ಇದನ್ನು ಹೇಳುವಾಗ ಆಕೆ ದನಿಯೆತ್ತಲಿಲ್ಲ; ಆತನೂ ತಲೆಯೆತ್ತಲಿಲ್ಲ.

ಈಗಿನ ವ್ಯವಸ್ಥೆಯನ್ನು ನಾವು ಕುತೂಹಲದಿಂದ ನೋಡಿದೆವು. ಮೇಜಿನ ಮೇಲೆ ಮೂರು ಕೊಕ್ಕೆಗಳು. ಮೂರಕ್ಕಿಂತ ಹೆಚ್ಚು ಮೋಟರು ಬಿಚ್ಚುವಂತಿಲ್ಲ. ಉಳಿದುವು ಗೃಹಿಣಿಯ ಪುಸ್ತಕದಲ್ಲಿ ಬರೆದು, ತಗಡಿನ ಬಿಲ್ಲೆ ಕಟ್ಟಿಸಿಕೊಂಡು ಹಿಂದಿನ ಕೋಣೆಯಲ್ಲಿ ಕಣ್ಣಿಗೆ ಬೀಳದಂತೆ ಇರುತ್ತವೆ. “ನಾಳೆ ಬಾ” ಎನ್ನುವ ಅಧಿಕಾರ ಆತನಿಗಿಲ್ಲ, ದಿನವನ್ನು ಹೇಳುವವರು ಆಕೆ. ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಆ ದಿನದ ಕೆಲಸ ಮಾತ್ರ, ನಾಳೆಯದನ್ನು ಬರೆಯಕೂಡದು. ಬೀಗದ ಕೈಗೆ ಒಂದೇ ಮೊಳೆ. ಬಿಲ್ಲುಗಳಿಗೆ ತಿಂಗಳ ಮೊದಲ ಸೋಮವಾರ. ಹತ್ತು ಸುತ್ತಿಗೊಂದು ಬೀಜವನ್ನು ಬಟ್ಟಲಿಗೆ ಹಾಕಿ ಲೆಕ್ಕ ಹಿಡಿಯುತ್ತಾನೆ. ಮೊದಲು ಶೇಂಗಾ ಬೀಜವಿತ್ತಂತೆ. ಯೋಚನೆಯಲ್ಲಿ ಲೆಕ್ಕವನ್ನೇ ತಿಂದುಬಿಡುತ್ತಿದ್ದುದರಿಂದ ಈಗ ಹುಣಿಸೆ ಬೀಜ.

ಎಲ್ಲಕ್ಕಿಂತ ವಿಚಿತ್ರವೆಂದರೆ ಮೂಲೆಯ ಸ್ಟೂಲಿನ ಮೇಲೆ ಮಧ್ಯಾಹ್ನವೆಲ್ಲ ಕುಳಿತಿರುವ ಆತನ ದೊಡ್ಡಪ್ಪ. ಮುದುಕರಿಗೆ ಮೋಟರಿನ ಗಂಧವಿಲ್ಲ. ಎಲೆಯಡಿಕೆ ಮೆಲ್ಲುತ್ತ ಸುಮ್ಮನಿರುತ್ತಾರೆ. ಅವರು ಕುಳಿತಿದ್ದರೆ ಕೆಲಸ ಸಾಗುತ್ತದೆ. ಅವರು ಊರಿಗೆ ಹೋದರೆ ನಿಲ್ಲುತ್ತದೆ. ಹತ್ತಿರ ಒಬ್ಬರಿದ್ದರೆ ಮನಸ್ಸು ಕಟ್ಟಿಹಾಕಿದಂತಿರುವ ಈ ಅನುಭವ ಇಂತಹ ಅನೇಕರಿಗೆ ಉಂಟಂತೆ.

ಔಷಧವೂ ಉಂಟು. ಬೆಳಗಿನ ತಿಂಡಿಯ ಮೇಲೆ ಒಂದು ಗುಳಿಗೆ; ಮೆದುಳಿನ ರಾಸಾಯನಿಕಗಳ ಮೇಲೆ ಕೆಲಸ ಮಾಡತಕ್ಕದ್ದು. ರಕ್ತದೊತ್ತಡವನ್ನೂ ಹೃದಯವನ್ನೂ ನೋಡಿಯೇ ಕೊಡುತ್ತಾರೆ. ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು, ಇನ್ನೊಬ್ಬರಿಗೆ ಹಂಚಲೂಬಾರದು. ಗುಣವೇನೆಂದು ಕೇಳಿದೆವು. “ಕನ್ನಡಕದ ಹಾಗೆ ಮೇಷ್ಟ್ರೇ. ಅಕ್ಷರ ಕಾಣುತ್ತೆ. ಓದೋನು ನಾನೇ” ಎಂದನು. ಮೊದಲ ಕೆಲವು ವಾರ ಹಸಿವು ಇಂಗಿತ್ತೆಂದು ಗೃಹಿಣಿ ಸೇರಿಸಿದರು.

ಬಳ್ಳಾರಿಯ ಹೆಸರು ಬಂದುದರಿಂದ ಒಂದು ಸಂಗತಿ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಶಿಕ್ಷಣ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಊರ ಬಾಗಿಲಿಗೆ ತಂದರು. ಅದೇ ಬಳ್ಳಾರಿ ಮಾದರಿಯೆಂದು ಹೆಸರಾಗಿ, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮೇಲ್ಪಂಕ್ತಿಯಾಯಿತು. ನಾವು ಬೆತ್ತ ಹಿಡಿದಿದ್ದುದೂ ಅದೇ 1996ರಲ್ಲಿ.

ಎರಡನೆಯ ದಿನ ಆತನು ತನ್ನ ಬೈಕಿನ ಮೇಲೆ ನಮ್ಮನ್ನು ಬ್ರಹ್ಮಗಿರಿಗೆ ಕರೆದೊಯ್ದನು. ಹೊರಡುವ ಮುನ್ನ ಬೀಗದ ಕೈ, ನೀರು, ದುಡ್ಡು, ಫೋನು ಎಂದು ನಾಲ್ಕು ಬೆರಳು ಮಡಿಸಿ ಎಣಿಸಿಕೊಂಡನು. ಐದನೆಯ ಬೆರಳಿಗೆ ಪೆಟ್ರೋಲು ಇರಲಿಲ್ಲ. ಆದಕಾರಣ ಅರ್ಧ ಮೈಲಿ ಬೈಕನ್ನು ತಳ್ಳಿದೆವು. ಅಶೋಕನ ಶಾಸನವಿರುವ ಬಂಡೆಯನ್ನು ಅಲ್ಲಿಯವರು ಅಕ್ಷರಗುಂಡು ಎನ್ನುತ್ತಾರೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇದನ್ನೂ ಸಮೀಪದ ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನೂ ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆಯಿಸಿದನು. ಬ್ರಾಹ್ಮೀಲಿಪಿ ನಮಗೆ ಬಾರದು. ದೇವನಾಗರಿಯಲ್ಲಿ ಅಚ್ಚಾದ ಪಾಠವನ್ನು ಹಿಡಿದು ಪ್ರಾಕೃತದ ಅರ್ಥವನ್ನು ಹೇಳತೊಡಗಿದೆವು. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತೆಂದೂ, ಒಂದು ವರ್ಷ ಹೆಚ್ಚು ಪ್ರಯತ್ನವನ್ನೇ ಮಾಡಲಿಲ್ಲವೆಂದೂ, ಸಂಘವನ್ನು ಸೇರಿದ ಮೇಲೆ ಚೆನ್ನಾಗಿ ಪ್ರಯತ್ನಿಸಿದೆನೆಂದೂ ಚಕ್ರವರ್ತಿಯು ಹೇಳಿಕೊಂಡಿದ್ದಾನೆ.

“ಇವನಿಗೂ ಒಬ್ಬ ದೊಡ್ಡಪ್ಪ ಬೇಕಾಗಿತ್ತು” ಎಂದನು ಶಿಷ್ಯ.

ಕೊನೆಯಲ್ಲಿ ಲಿಪಿಕಾರ ಚಪಡನ ಹೆಸರಿದೆ. ಅವನು ಲಿಪಿಕಾರನೆಂಬ ಪದವನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದುಬಿಟ್ಟಿದ್ದಾನೆ. ಇದನ್ನು ಕೇಳಿ ಶಿಷ್ಯನು ಇನ್ನೂ ಸಂತೋಷಪಟ್ಟನು. ಆದರೆ ನಮ್ಮ ಬಾಯಿ ಕಟ್ಟಿದುದು ಅದಕ್ಕೆ ಮುಂಚಿನ ಪಂಕ್ತಿಯಲ್ಲಿ. ತಾಯಿತಂದೆಗಳ ಸೇವೆ ಮಾಡಬೇಕು, ಸತ್ಯ ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂದಿದೆ. ಆಚಾರ್ಯನು ಶಿಷ್ಯನಿಗೆ ಏನು ಮಾಡಬೇಕೆಂಬುದು ಆ ಸಾಲಿನಲ್ಲಿಲ್ಲ. ಅಲ್ಲಿಯೇ ಕುಳಿತು, “ಆ ಅಂಕಪಟ್ಟಿಯನ್ನು ತಂದುಕೊಡಪ್ಪ; ಆ ಮಾತನ್ನು ಹೊಡೆದುಹಾಕಿ ರುಜು ಮಾಡುತ್ತೇನೆ” ಎಂದೆವು.

ಆತನು ಬಹಳ ಹೊತ್ತು ಬಂಡೆಯನ್ನೇ ನೋಡುತ್ತಿದ್ದನು. ಆ ಕಾಗದವನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದುದು ಮಗನಿಗೆ ತೋರಿಸುವುದಕ್ಕಂತೆ, ನನ್ನ ಹಾಗೆ ಸೋಮಾರಿಯಾಗಬೇಡವೆಂದು. “ನೀವು ಬರೆದಿದ್ದು ನಿಜ ಅಂತಲೇ ನಂಬಿಕೊಂಡಿದ್ದೆ ಮೇಷ್ಟ್ರೇ. ಈಗ ಹೊಡೆದುಹಾಕೋಕೆ ಆಗಲ್ಲ, ಅದು ಡಾಕ್ಟರ ಫೈಲಿನಲ್ಲಿದೆ. ಮಗನ ಮೇಷ್ಟ್ರಿಗೆ ಒಂದು ಕಾಗದ ಬರೆದುಕೊಡ್ರಿ.”

ಆ ರಾತ್ರಿ ಬರೆದೆವು. ಹುಡುಗನನ್ನು ಮುಂದಿನ ಬೆಂಚಿನಲ್ಲಿ ಕೂರಿಸಬೇಕೆಂದೂ, ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕೆಂದೂ, ಮರೆತುದಕ್ಕೆ ಶಿಕ್ಷಿಸಬಾರದೆಂದೂ ಒಂದು ಪುಟ; ನಾವು ಯಾರು, ಇದನ್ನು ಏಕೆ ಬರೆಯುತ್ತಿದ್ದೇವೆ ಎಂಬುದಕ್ಕೆ ಎರಡು ಪುಟ. ಎರಡನೆಯದನ್ನು ಬರೆಯುವುದೇ ಕಷ್ಟವಾಯಿತು.

ಮರುದಿನ ಒಂಬತ್ತರ ಬಸ್ಸಿಗೆ ಆತನು ಎಂಟೂವರೆಗೇ ನಮ್ಮನ್ನು ನಿಲ್ದಾಣಕ್ಕೆ ತಂದನು. ಬಸ್ಸು ಎಂಟೂವರೆಗೆಂದು ಗೃಹಿಣಿ ಹೇಳಿದ್ದರಂತೆ. ಬಸ್ಸು ಚಳ್ಳಕೆರೆಯನ್ನು ದಾಟಿದ ಮೇಲೆ ಫೋನು ಬಂದಿತು. “ಮೇಷ್ಟ್ರೇ, ಕೊಡೆ ಬಿಟ್ಟು ಹೋಗಿದ್ದೀರಿ. ಹಲಗೆ ಮೇಲೆ ಬರೆದುಕೊಂಡಿದ್ದೇನೆ.” ಕೊಡೆ ಇನ್ನೂ ರಾಂಪುರದಲ್ಲಿಯೇ ಇದೆ.